ಹಳೇ ಇಟ್ಟಿಗೆ, ಹೊಸ ಗಾಜು

ಲಂಡನ್ನಿನಲ್ಲಿ ನಮ್ಮ ಪಕ್ಕದ ಮನೆಯ ಕೆಲಸ ಕೊನೆಗೂ ಮುಗಿಯಿತು. ವಿಕ್ಟೋರಿಯಾ ರಾಣಿ ಕಾಲದ ಸಾಲುಮನೆ. ಬೀದಿಯಿಂದ ನೋಡಿದರೆ ಏನೂ ಬದಲಾಗಿಲ್ಲ. ಅದೇ ಹಳದಿ ಇಟ್ಟಿಗೆ, ಮೇಲಕ್ಕೆ ಸರಿಸುವ ಅದೇ ಕಿಟಕಿಗಳು. ಇವತ್ತು ಒಳಗೆ ಕರೆದರು, ಹೋದೆ.

ಈ ಮನೆಗಳ ಹಿಂಭಾಗದಲ್ಲಿ ಅಡುಗೆಮನೆ ಪಕ್ಕ ಒಂದು ಕತ್ತಲೆ ಓಣಿ ಇರುತ್ತದೆ. ಇಲ್ಲಿ ಸೈಡ್ ರಿಟರ್ನ್ ಅನ್ನುತ್ತಾರೆ. ಅದನ್ನು ಒಳಗೆ ಸೇರಿಸಿಕೊಂಡು ಗಾಜಿನ ಚಾವಣಿ ಹಾಕಿದ್ದಾರೆ. ಹಳೇ ಹೊರಗೋಡೆ ಈಗ ಊಟದ ಮೇಜಿನ ಪಕ್ಕದ ಒಳಗೋಡೆ! ಬಣ್ಣ ಬಳಿಯದೆ ಹಾಗೇ ಬಿಟ್ಟಿದ್ದಾರೆ. ಸಂದುಗಳಿಗೆ ಸಿಮೆಂಟ್ ಅಲ್ಲ, ಸುಣ್ಣದ ಗಾರೆ. ಆ ಕಾಲದ ಇಟ್ಟಿಗೆ ಮೆತ್ತಗೆ. ಸಿಮೆಂಟ್ ಮೆತ್ತಿದರೆ ತೇವ ಹೊರಗೆ ಹೋಗಲಾರದೆ ಇಟ್ಟಿಗೆಯೇ ಉದುರುತ್ತದೆ. ಊರಲ್ಲಿ ಅಜ್ಜನ ಮನೆಗೂ ಗಾರೆಯೇ ಅಲ್ವಾ, ನೆನಪಾಯಿತು.

ಜಾಸ್ತಿ ಹಿಡಿಸಿದ್ದು ಇದು: ಹೊಸ ಭಾಗ ಹಳೆಯದರ ವೇಷ ಹಾಕಿಲ್ಲ. 1877ರಲ್ಲಿ ಇಂಗ್ಲೆಂಡಿನ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಹಳೇ ಕಟ್ಟಡಗಳನ್ನು ಕಾಪಾಡುವ ಸಂಘ ಕಟ್ಟಿದಾಗ ಅವರ ಸಿಟ್ಟಿದ್ದದ್ದೂ ಸುಳ್ಳು ಹಳೆತನದ ಮೇಲೆಯೇ.

ಹೊರಡುವಾಗ ಚಾವಣಿಯಿಂದ ಬಿಸಿಲು ಇಳಿದು ಆ ಗೋಡೆ ಮೇಲೆ ಬಿದ್ದಿತ್ತು. ನೂರು ವರ್ಷಕ್ಕೂ ಮೀರಿ ಮಳೆಯಲ್ಲಿ ನೆನೆದ ಗೋಡೆ. ಸುಮ್ನೆ ಕೈಯಿಟ್ಟೆ. ಬೆಚ್ಚಗಿತ್ತು.