ಮೈಲಾರದ ಕಾರ್ಣಿಕ, ಶಿರಸಿಯ ಮಳೆ

ಮೈಲಾರದ ಕಾರ್ಣಿಕದ ನುಡಿ, ಅಂದರೆ ವರ್ಷದ ಭವಿಷ್ಯವಾಣಿ, ಈ ವರ್ಷವೂ ಮೊಬೈಲಿನಿಂದ ಮೊಬೈಲಿಗೆ ಹಾರುತ್ತ ನಮ್ಮ ಶಿರಸಿಯ ಅಡಿಕೆ ತೋಟಗಳನ್ನು ತಲುಪಿದೆ. ಹೂವಿನಹಡಗಲಿ ತಾಲ್ಲೂಕಿನ ಆ ಊರಿನಲ್ಲಿ, ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಉಪವಾಸವಿದ್ದ, ಮೈಲಾರಲಿಂಗನ ಭಕ್ತನಾದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಕಿಕ್ಕಿರಿದ ಜನಸಾಗರ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಅವನು ಒಂದೇ ಒಂದು ವಾಕ್ಯ ನುಡಿದು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ವಾಕ್ಯದಲ್ಲಿ ರಾಜಕಾರಣಿಗಳು ಕುರ್ಚಿಯನ್ನು ಹುಡುಕಿದರೆ ರೈತರು ಮಳೆಯನ್ನು ಹುಡುಕುತ್ತಾರೆ. ನನಗೆ ರೈತರ ಹುಡುಕಾಟವೇ ಹೆಚ್ಚು ಪ್ರಾಮಾಣಿಕವೆನಿಸುತ್ತದೆ, ಏಕೆಂದರೆ ಭವಿಷ್ಯದ ಮೇಲೆ ನಂಬಿಕೆಯಿಟ್ಟ ಮೇಲೂ ಅವರು ಕೈಕಟ್ಟಿ ಕೂರುವುದಿಲ್ಲ. ಅಡಿಕೆಯ ಕಾಯಿ ಕೊಳೆಯಿಸುವ ಕೊಳೆರೋಗಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಯಾವ ನುಡಿಯೂ ತಪ್ಪಿಸಲಾರದು. ಪಕ್ಕದ ಮನೆಯ ಹಿರಿಯರು ನನ್ನಿಂದ ಕಾರ್ಣಿಕವನ್ನು ಮತ್ತೊಮ್ಮೆ ಓದಿಸಿಕೊಂಡು, ಕೂಡಲೇ ಮೈಲುತುತ್ತದ ದರ ವಿಚಾರಿಸಿದರು.