ಜರ್ಮನಿಯಲ್ಲಿ ಎಂಎಸ್ ಮಾಡಿದ್ರೆ ಪಿಆರ್ ಸಿಗುತ್ತಾ?

"ಮಗನ್ನ ಎಂಎಸ್‌ಗೆ ಜರ್ಮನಿಗೆ ಕಳಿಸೋಣ ಅಂತಿದ್ದೀವಿ ಕಣಮ್ಮ. ಅಲ್ಲಿ ಫೀಸೇ ಇಲ್ವಂತೆ. ಓದು ಮುಗಿದ್ಮೇಲೆ ಪಿಆರ್ ಸಿಗುತ್ತೆ ಅಲ್ವಾ?"

ಊರಿನ ಕಡೆಯಿಂದ ಫೋನ್ ಬಂದರೆ ಮಾತು ಹೆಚ್ಚಾಗಿ ಇಲ್ಲಿಗೇ ಬಂದು ನಿಲ್ಲುತ್ತದೆ. ನಾನೂ ಇಲ್ಲೇ ಓದಿ, ಇಲ್ಲೇ ಕೆಲಸಕ್ಕೆ ಸೇರಿ, ಸ್ಟಟ್‌ಗಾರ್ಟ್‌ನಲ್ಲಿ ಮನೆ ಮಾಡಿಕೊಂಡವಳು. ಹಾಗಾಗಿ ಕೇಳುವುದು ಸಹಜ. ನನ್ನ ಉತ್ತರ ಇಷ್ಟು: ಪಿಆರ್, ಅಂದರೆ ಇಲ್ಲೇ ಖಾಯಂ ಆಗಿ ನೆಲೆಸುವ ಅನುಮತಿ, ಸಿಗುತ್ತದೆ, ಆದರೆ ಅದನ್ನು ಕೊಡಿಸುವುದು ಕೆಲಸ. ಆ ಕೆಲಸ ಕೊಡಿಸುವುದು ಬಹುಪಾಲು ಜರ್ಮನ್ ಭಾಷೆ. ಡಿಗ್ರಿ ಇವೆರಡರ ಹಿಂದೆ ಬರುತ್ತದೆ.

ಮೊದಲು ನಿಯಮ ಹೇಳಿಬಿಡುತ್ತೇನೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಇಲ್ಲಿ ಉಳಿಯಬಹುದು. ಆ ಸಮಯದಲ್ಲಿ ಹೊಟ್ಟೆಪಾಡಿಗೆ ಯಾವ ಕೆಲಸ ಬೇಕಾದರೂ ಮಾಡಬಹುದು. ಓದಿಗೆ ತಕ್ಕ ಕೆಲಸ ಸಿಕ್ಕರೆ ಕೆಲಸದ ಪರ್ಮಿಟ್, ಸಂಬಳ ಸಾಕಷ್ಟಿದ್ದರೆ ಬ್ಲೂ ಕಾರ್ಡ್ ಎಂಬ ವಿಶೇಷ ಪರ್ಮಿಟ್. ಇಲ್ಲಿನ ಡಿಗ್ರಿ ಪಡೆದವರು ಅಂಥ ಪರ್ಮಿಟ್‌ನಲ್ಲಿ 2 ವರ್ಷ ಕಳೆದು, 24 ತಿಂಗಳು ಪೆನ್ಷನ್ ಹಣ ಕಟ್ಟಿ, ಬಿ1 ಮಟ್ಟದ ಜರ್ಮನ್ (ಎ1, ಎ2, ಬಿ1 ಎಂದು ಏರುವ ಮೆಟ್ಟಿಲುಗಳಲ್ಲಿ ಮೂರನೆಯದು) ಪಾಸು ಮಾಡಿದ್ದರೆ ಪಿಆರ್‌ಗೆ ಅರ್ಜಿ ಹಾಕಬಹುದು. ಬ್ಲೂ ಕಾರ್ಡ್ ಇದ್ದವರಿಗೆ ಬಿ1 ಇದ್ದರೆ 21 ತಿಂಗಳು, ಬರೀ ಎ1 ಇದ್ದರೆ 27 ತಿಂಗಳು. ಅಮೆರಿಕದಲ್ಲಿ ಗ್ರೀನ್ ಕಾರ್ಡ್‌ಗೆ ವರ್ಷಗಟ್ಟಲೆ ಸಾಲಿನಲ್ಲಿ ನಿಂತಿರುವ ನಮ್ಮವರಿಗೆ ಇದು ಕನಸಿನಂತೆ ಕೇಳಿಸುತ್ತದೆ.

ಇನ್ನು ದುಡ್ಡು. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಅನ್ನುವುದು ನಿಜ. ಆದರೆ ನಾನಿರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ನಮ್ಮಂಥ ಐರೋಪ್ಯ ಒಕ್ಕೂಟದ ಹೊರಗಿನವರು ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಹೊಸದಾಗಿ ಸೇರುವ ಇಂಥವರಿಗೆ ಶುಲ್ಕ ಶುರು ಮಾಡಿದೆ. ವೀಸಾಕ್ಕೆ ಮುಂಚೆಯೇ ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೋ ಇಡಬೇಕು. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಬಾಡಿಗೆ, ಆರೋಗ್ಯ ವಿಮೆ ಕಟ್ಟಿದ ಮೇಲೆ ಅದರಲ್ಲಿ ಜಾಸ್ತಿ ಏನೂ ಉಳಿಯುವುದಿಲ್ಲ. ಮ್ಯೂನಿಕ್‌ನಲ್ಲಂತೂ ಸಾಲುವುದೇ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷ್‌ನಲ್ಲಿ ಎಂಎಸ್ ಮಾಡಬಹುದು ಎಂದು ಕನ್ಸಲ್ಟೆನ್ಸಿಯವರು ಹೇಳುತ್ತಾರೆ. ಅದು ಸುಳ್ಳಲ್ಲ. ಪಾಠ, ಪರೀಕ್ಷೆ, ಥೀಸಿಸ್ ಎಲ್ಲ ಇಂಗ್ಲಿಷ್‌ನಲ್ಲೇ ಮುಗಿಯುತ್ತದೆ. ಕ್ಲಾಸಿನಲ್ಲಿ ಪಕ್ಕದಲ್ಲಿ ಕೂರುವವರೂ ಹೈದರಾಬಾದ್, ಪುಣೆಯವರು. 2023–24ರಲ್ಲಿ ಇಲ್ಲಿ ಓದುತ್ತಿದ್ದ ಭಾರತೀಯರು 49 ಸಾವಿರಕ್ಕೂ ಹೆಚ್ಚು, ವಿದೇಶಿ ವಿದ್ಯಾರ್ಥಿಗಳಲ್ಲಿ ನಾವೇ ಎಲ್ಲರಿಗಿಂತ ಜಾಸ್ತಿ. ಜರ್ಮನ್ ಒಂದಕ್ಷರ ಬರದೆ ಎರಡು ವರ್ಷ ಆರಾಮಾಗಿ ಕಳೆದುಹೋಗುತ್ತದೆ. ಆಮೇಲೆ ಕೆಲಸದ ಜಾಹೀರಾತು ತೆರೆದು ನೋಡಿದರೆ ಪೈಥಾನ್, ಮ್ಯಾಟ್‌ಲ್ಯಾಬ್ ಎಲ್ಲ ಇರುತ್ತದೆ. ಅವುಗಳ ಕೆಳಗೆ ಇನ್ನೊಂದು ಸಾಲು: ಜರ್ಮನ್ ಚೆನ್ನಾಗಿ ಮಾತಾಡಲು, ಬರೆಯಲು ಬರಬೇಕು. ಒಳ್ಳೆ ಅಂಕ ತೆಗೆದ ಹುಡುಗರು ಆ ಒಂದು ಸಾಲಿಗೆ ಸಿಕ್ಕಿ ನಿಂತುಬಿಡುವುದನ್ನು ನೋಡುತ್ತಲೇ ಇರುತ್ತೇನೆ. ಊರಲ್ಲಿ ಮನೆ ಪತ್ರ ಅಡವಿಟ್ಟು ಸಾಲ ತಂದವರು ಅವರಲ್ಲಿದ್ದಾರೆ. ಸಂಕಟವಾಗುತ್ತದೆ.

ಇಲ್ಲಿ ಕೆಲಸ ಸಿಗುವ ದಾರಿಯೂ ನಮ್ಮ ಕ್ಯಾಂಪಸ್ ಸೆಲೆಕ್ಷನ್ ಥರ ಇಲ್ಲ. ಓದುವಾಗಲೇ ಯಾವುದಾದರೂ ಕಂಪನಿಯಲ್ಲಿ ವರ್ಕಿಂಗ್ ಸ್ಟೂಡೆಂಟ್ ಆಗಿ ಸೇರಬೇಕು. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಅಲ್ಲಿ ಕೈಚಳಕ ತೋರಿಸಿದರೆ ಅದೇ ಟೀಮಿನಲ್ಲಿ ಥೀಸಿಸ್, ಥೀಸಿಸ್ ಮುಗಿದ ಮೇಲೆ ಖಾಯಂ ಕೆಲಸ. ನನಗೆ ಗೊತ್ತಿರುವವರಲ್ಲಿ ನೆಲೆ ನಿಂತವರು ಹೆಚ್ಚಿನವರು ಹೀಗೇ ಬಂದವರು. ಮೀಟಿಂಗ್ ಇಂಗ್ಲಿಷ್‌ನಲ್ಲಿ ನಡೆಯಬಹುದು. ಮಧ್ಯಾಹ್ನ ಕ್ಯಾಂಟೀನಿಗೆ ಹೋದ ಕೂಡಲೇ ಎಲ್ಲರೂ ಜರ್ಮನ್‌ಗೆ ತಿರುಗುತ್ತಾರೆ. ಯಾವ ಪ್ರಾಜೆಕ್ಟ್ ಬರುತ್ತಿದೆ, ಯಾರು ಬೇರೆ ಟೀಮಿಗೆ ಹೋಗುತ್ತಿದ್ದಾರೆ, ಎಲ್ಲಿ ಜಾಗ ಖಾಲಿಯಾಗುತ್ತದೆ, ಎಲ್ಲ ಅಲ್ಲೇ ಗೊತ್ತಾಗುವುದು. ಸೂಪು ಕುಡಿಯುತ್ತಾ ಸುಮ್ನೆ ಕೂತವರಿಗೆ ಇದ್ಯಾವುದೂ ಕಿವಿಗೆ ಬೀಳುವುದಿಲ್ಲ.

ಕೆಲಸದ ಮಾರುಕಟ್ಟೆಯೂ ಈಗ ಬಿಗಿಯಾಗಿದೆ. ಇಲ್ಲಿನ ಕಾರು ಕಂಪನಿಗಳು, ಬಿಡಿಭಾಗ ಮಾಡುವವರು ಸಾವಿರಗಟ್ಟಲೆ ಕೆಲಸ ಕಡಿಮೆ ಮಾಡುವುದಾಗಿ ಘೋಷಿಸಿದ್ದಾರೆ. ಮೆಕ್ಯಾನಿಕಲ್, ಆಟೋಮೋಟಿವ್ ಓದಲು ಬರುವವರು ಇದನ್ನು ಕಣ್ಣು ತೆರೆದು ನೋಡಲೇಬೇಕು. ಇಂಥ ಹೊತ್ತಿನಲ್ಲಿ "ಪಿಆರ್ ಗ್ಯಾರಂಟಿ" ಎನ್ನುವ ಏಜೆಂಟರ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅವರಲ್ಲಿ ಕೆಲವರು ದುಬಾರಿ ಖಾಸಗಿ ಕಾಲೇಜಿಗೆ ಸೇರಿಸಿ ಕಮಿಷನ್ ಪಡೆಯುತ್ತಾರೆ. ಕೋರ್ಸ್‌ಗಳ ಪಟ್ಟಿ ವಿದೇಶಿ ವಿದ್ಯಾರ್ಥಿಗಳಿಗೆ ನೆರವಾಗುವ ಜರ್ಮನ್ ಸಂಸ್ಥೆ ಡಿಎಎಡಿಯ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ನೀವೇ ಹುಡುಕಿ, ನೀವೇ ಅರ್ಜಿ ಹಾಕಿ.

ಫೋನಿನಲ್ಲಿ ಯಾರೂ ಕೇಳದ, ನಾನೇ ಎತ್ತುವ ಮಾತೊಂದಿದೆ. ಪಿಆರ್ ಸಿಕ್ಕಿತು ಎಂದರೆ ಶಾಶ್ವತವಾಗಿ ಕೈಗೆ ಬಂತು ಅಂತಲ್ಲ. ಸಾಮಾನ್ಯವಾಗಿ 6 ತಿಂಗಳಿಗಿಂತ ಹೆಚ್ಚು ದೇಶದ ಹೊರಗೆ ಉಳಿದರೆ ಅದು ಹೋಗುತ್ತದೆ. ಬ್ಲೂ ಕಾರ್ಡ್ ಮೂಲಕ ಪಡೆದವರಿಗೆ 12 ತಿಂಗಳು. ಅಪ್ಪ ಹಾಸಿಗೆ ಹಿಡಿದರೆ ಒಂದು ವರ್ಷ ಊರಲ್ಲಿದ್ದು ನೋಡಿಕೊಂಡು ಬರುತ್ತೇನೆ ಅನ್ನುವುದು ಸುಲಭವಲ್ಲ. ಅಪ್ಪ ಅಮ್ಮನನ್ನೇ ಇಲ್ಲಿಗೆ ಕರೆಸಿಕೊಳ್ಳೋಣ ಎಂದರೆ, 2024ರ ಮಾರ್ಚ್‌ನಿಂದ ನುರಿತ ಕೆಲಸಗಾರರಿಗೆ ಕಾನೂನಿನಲ್ಲಿ ಒಂದು ದಾರಿ ತೆರೆದಿದೆ. ಆದರೆ ವಯಸ್ಸಾದವರಿಗೆ ಇಲ್ಲಿ ಆರೋಗ್ಯ ವಿಮೆ ಮಾಡಿಸುವುದೇ ದೊಡ್ಡ ತಲೆನೋವು. ಟೂರಿಸ್ಟ್ ವೀಸಾದಲ್ಲಿ ಬಂದರೆ 180 ದಿನಗಳಲ್ಲಿ 90 ದಿನ ಇರಬಹುದು, ಅಷ್ಟೇ. ಪೌರತ್ವಕ್ಕೆ ಈಗ 5 ವರ್ಷ ಸಾಕು, ಜರ್ಮನಿ ಎರಡು ಪೌರತ್ವಕ್ಕೂ ಒಪ್ಪುತ್ತದೆ. ಭಾರತ ಒಪ್ಪುವುದಿಲ್ಲ. ನಮ್ಮ ಪಾಸ್‌ಪೋರ್ಟ್ ಬಿಟ್ಟು ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಪಡೆದರೆ ಮತ ಹಾಕುವ ಹಾಗಿಲ್ಲ, ಊರಲ್ಲಿ ಗದ್ದೆ ತೋಟ ಕೊಳ್ಳುವ ಹಾಗೂ ಇಲ್ಲ. ಇದನ್ನೆಲ್ಲ ವೀಸಾ ಬರುವ ಮುಂಚೆಯೇ ಮನೆಯವರೆಲ್ಲ ಕೂತು ಮಾತಾಡಬೇಕು. ಒಬ್ಬನೇ ಮಗ, ಒಬ್ಬಳೇ ಮಗಳು ಇರುವ ಮನೆಯಲ್ಲಂತೂ ತಪ್ಪಿಸಲೇಬಾರದು.

ಇಷ್ಟಾದ ಮೇಲೂ ಕಳಿಸಬೇಕಾ ಅಂತ ಕೇಳಿದರೆ, ಓದುವ ಆಸೆ ಇರುವ ಮಕ್ಕಳನ್ನು ಖಂಡಿತ ಕಳಿಸಿ ಅನ್ನುತ್ತೇನೆ. ಈ ದೇಶ ನನಗೆ ಒಳ್ಳೆ ಓದು, ಒಳ್ಳೆ ಕೆಲಸ, ರಾತ್ರಿ ಹತ್ತಕ್ಕೆ ಒಬ್ಬಳೇ ರೈಲಿನಲ್ಲಿ ಮನೆಗೆ ಬರುವ ಧೈರ್ಯ ಕೊಟ್ಟಿದೆ. ಮಗ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದರೆ ಜರ್ಮನ್ ಕಲಿಕೆ ಈಗಲೇ ಶುರುವಾಗಲಿ. ಬೆಂಗಳೂರಿನವರಿಗೆ ಇಂದಿರಾನಗರದಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಇದೆ, ಬೇರೆ ಊರಿನವರಿಗೆ ಆನ್‌ಲೈನ್ ತರಗತಿಗಳಿವೆ. ವಿಮಾನ ಹತ್ತುವ ಹೊತ್ತಿಗೆ ಎ2 ಮುಗಿದಿರಲಿ, ಮೊದಲ ವರ್ಷದೊಳಗೆ ಬಿ1 ಆಗಲಿ. ವೀಸಾಕ್ಕೆ ಬೇಕಾದ, ನಮ್ಮ ಅಂಕಪಟ್ಟಿ, ಡಿಗ್ರಿ ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್‌ಗೂ ಬೇಗ ಅರ್ಜಿ ಹಾಕಿಬಿಡಿ, ಕೊನೆ ಗಳಿಗೆಯಲ್ಲಿ ಅದಕ್ಕಾಗಿ ಪರದಾಡುವವರು ಬಹಳ ಜನ.