ಹುಲ್ಲು ಕತ್ತರಿಸದ ಆ ಎರಡು ತಿಂಗಳು

2020ರ ಏಪ್ರಿಲ್ ಕೊನೆಯ ವಾರ ಅಪ್ಪಯ್ಯ ತೀರಿಕೊಂಡರು. ಅವರು ಸಾಗರದ ಹತ್ತಿರ ನಮ್ಮ ಊರಲ್ಲಿ, ನಾನು ಸಿಂಗಪುರದಲ್ಲಿ. ವಿಮಾನಗಳೆಲ್ಲ ನಿಂತು ತಿಂಗಳಾಗಿತ್ತು. ಅಣ್ಣ ಫೋನ್ ಹಿಡಿದು ತೋರಿಸಿದ. ನೆಟ್‌ವರ್ಕ್ ಕಡಿದು ಕಡಿದು ಬರುತ್ತಿತ್ತು. ತೋಟದ ಅಂಚಿನಲ್ಲಿ ಹೊಗೆ ಕಾಣಿಸಿತು. ಆಮೇಲೆ ಆ ಚಿತ್ರವೂ ನಿಂತಲ್ಲೇ ನಿಂತಿತು. ನನಗೆ ಸಿಕ್ಕಿದ್ದು ಅಷ್ಟೇ.

ಇಲ್ಲಿ ಆಗ ‘ಸರ್ಕಿಟ್ ಬ್ರೇಕರ್’. ಲಾಕ್‌ಡೌನ್‌ಗೆ ಸಿಂಗಪುರ ಇಟ್ಟ ಹೆಸರು ಅದು. ಏಪ್ರಿಲ್ 7ಕ್ಕೆ ಶುರುವಾಗಿ ಜೂನ್ 1ರವರೆಗೆ ಇತ್ತು. ಯಾರೂ ಯಾರ ಮನೆಗೂ ಹೋಗುವ ಹಾಗಿರಲಿಲ್ಲ. ಅಳೋದಕ್ಕೂ ಒಂದು ಹೆಗಲು ಬೇಕಲ್ವಾ? ಇದ್ದದ್ದು ನಾನು, ನನ್ನ ಗಂಡ, ಹನ್ನೊಂದನೇ ಮಹಡಿಯ ಎರಡು ರೂಮು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಹಗಲು ಲ್ಯಾಪ್‌ಟಾಪ್ ಮುಂದೆ ಕೂತರೆ ಅಕ್ಷರ ತಲೆಗೆ ಹೋಗುತ್ತಿರಲಿಲ್ಲ. ಕೊನೆಯ ಸಲ ಫೋನ್ ಮಾಡಿದಾಗ ಅಪ್ಪಯ್ಯ ಕೆಮ್ಮಿದ್ದರಾ? ನಾನು ಯಾಕೆ ಕೇಳಲಿಲ್ಲ? ಮಾರ್ಚ್‌ನಲ್ಲೇ ಯಾಕೆ ಹೊರಡಲಿಲ್ಲ? ಇದೇ ಸುತ್ತು, ಮತ್ತೆ ಮತ್ತೆ.

ಎರಡು ವಾರ ಕಳೆದ ಮೇಲೆ ಒಂದು ಸಂಜೆ ಗಂಡ ಹೇಳಿದರು, "ಮಾತಾಡೋದು ಬೇಡ, ಏನೂ ಬೇಡ. ಸುಮ್ನೆ ಕೆಳಗೆ ಹೋಗಿ ಬಾ." ಪಾರ್ಕಿನಲ್ಲಿ ನಡೆಯಲು ಅನುಮತಿ ಇತ್ತು. ಮಾಸ್ಕ್ ಹಾಕಿಕೊಂಡು ಇಳಿದೆ.

ನಮ್ಮ ಬಿಲ್ಡಿಂಗ್ ಇರುವುದು ಆಂಗ್ ಮೊ ಕಿಯೊದಲ್ಲಿ. ಲಿಫ್ಟ್ ಇಳಿದು ಒಂದು ರಸ್ತೆ ದಾಟಿದರೆ ಬಿಶಾನ್–ಆಂಗ್ ಮೊ ಕಿಯೊ ಪಾರ್ಕ್. 62 ಹೆಕ್ಟೇರ್ ಜಾಗ. ಗೇಟಿಲ್ಲ, ಟಿಕೆಟ್ಟಿಲ್ಲ, ಮುಚ್ಚುವ ಹೊತ್ತು ಅಂತಲೂ ಇಲ್ಲ. ಅಲ್ಲಿಯವರೆಗೆ ನನಗೆ ಅದು ಬಾಲ್ಕನಿಯಿಂದ ಕಾಣುವ ಅಂದದ ಹಸಿರು ಅಷ್ಟೇ ಆಗಿತ್ತು. ಜಮಖಾನೆ ಹಾಸಿದ ಹಾಗೆ ಒಪ್ಪವಾಗಿ ಕತ್ತರಿಸಿದ ಹುಲ್ಲು. ಅಂಥ ಹುಲ್ಲನ್ನು ನೋಡಬಹುದು, ಮೆಚ್ಚಬಹುದು. ನನ್ನದು ಅನಿಸಿರಲಿಲ್ಲ.

ಆ ದಿನ ನೋಡಿದರೆ ಪಾರ್ಕಿನ ಚಹರೆಯೇ ಬೇರೆ ಆಗಿತ್ತು. ಸರ್ಕಿಟ್ ಬ್ರೇಕರ್‌ನಲ್ಲಿ ಹುಲ್ಲು ಕತ್ತರಿಸುವ ಕೆಲಸ ನಿಂತಿತ್ತು. ಮಳೆಗೆ ಕೊರತೆ ಇಲ್ಲದ ಊರು ಇದು. ಕೆಲವೇ ವಾರದಲ್ಲಿ ಹುಲ್ಲು ಮೊಣಕಾಲಿಗೆ ಬಂದಿತ್ತು. ಅದರ ನಡುವೆ ಹಳದಿ, ಬಿಳಿ, ನೇರಳೆ ಹೂಗಳು. ಚಿಟ್ಟೆಗಳು. ರಸ್ತೆಯಲ್ಲಿ ವಾಹನ ಇಲ್ಲದೆ ಕೋಗಿಲೆಯ ಕೂಗು ಇನ್ನೂ ಜೋರಾಗಿ ಕೇಳುತ್ತಿತ್ತು. ಕಾಲಿನ ಹತ್ತಿರ ಏನೋ ಮುದುಡಿತು. ಬಗ್ಗಿ ನೋಡಿದರೆ ಮುಟ್ಟಿದರೆ ಮುನಿ! ನಮ್ಮ ಊರಿನ ಅದೇ ಗುಲಾಬಿ ಬಣ್ಣದ ಗುಂಡು ಹೂವು, ಅದೇ ಮುಳ್ಳು.

ಇನ್ನೂ ನಾಲ್ಕು ಹೆಜ್ಜೆ ಮುಂದೆ, ಹೊಳೆಯ ಕಡೆ ಇಳಿಜಾರಿನಲ್ಲಿ, ನೆಲಕ್ಕೆ ಅಂಟಿಕೊಂಡು ಒಂದೆಲಗ. ಉರಗೆ, ತಿಮರೆ, ಬ್ರಾಹ್ಮಿ ಅಂತೆಲ್ಲ ಕರೆಯುತ್ತಾರಲ್ಲ, ಅದು. ಅಪ್ಪಯ್ಯ ತೋಟದಿಂದ ಬರುವಾಗ ಬಸಿಗಾಲುವೆಯ ಅಂಚಿನಿಂದ ಒಂದು ಹಿಡಿ ಕಿತ್ತು ತರುತ್ತಿದ್ದರು. ಅಮ್ಮ ಜೀರಿಗೆ, ಕಾಳುಮೆಣಸು, ಕಾಯಿ ಹಾಕಿ ಬೀಸಿ, ಮಜ್ಜಿಗೆ ಸೇರಿಸಿ ತಂಬುಳಿ ಮಾಡುತ್ತಿದ್ದರು. ಪಾರ್ಕಿನ ಗಿಡ ಕೀಳುವುದು ಇಲ್ಲಿ ಕಾನೂನಿಗೆ ವಿರುದ್ಧ. ನಾನು ಕೀಳಲಿಲ್ಲ. ಅದರ ಪಕ್ಕ ಕೂತೆ. ಅಪ್ಪಯ್ಯ ಹೋದ ಮೇಲೆ ಅವತ್ತೇ ನಾನು ಸರಿಯಾಗಿ ಅತ್ತದ್ದು. ಎಷ್ಟು ಹೊತ್ತು ಕೂತಿದ್ದೆನೋ, ಎದ್ದಾಗ ದೀಪ ಹತ್ತಿತ್ತು. ಆ ರಾತ್ರಿ ನಾಲ್ಕು ಗಂಟೆ ನಿದ್ದೆ ಬಂತು.

ಮರುದಿನವೂ ಹೋದೆ. ಅದರ ಮರುದಿನವೂ.

ಇದನ್ನು ಬರೆಯುವಾಗ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಪಾರ್ಕ್ ನನ್ನನ್ನು ವಾಸಿ ಮಾಡಲಿಲ್ಲ. ಜೂನ್ ಬಳಿಕ ನಾನು ಡಾಕ್ಟರ್ ಹತ್ತಿರ ಹೋದೆ, ಕೌನ್ಸೆಲರ್ ಜೊತೆ ತಿಂಗಳುಗಟ್ಟಲೆ ಮಾತಾಡಿದೆ. ಅದು ಬೇಕಿತ್ತು. ಆದರೆ ಡಾಕ್ಟರ್ ಹತ್ತಿರ ಹೋಗಬೇಕು ಅಂತ ಅನಿಸುವಷ್ಟು ಶಕ್ತಿ ಬಂದದ್ದು ಆ ಹುಲ್ಲಿನಿಂದ. ಮನಸ್ಸು ಕುಸಿದಾಗ ಚಪ್ಪಲಿ ಹಾಕಿಕೊಳ್ಳುವುದೂ ಬೆಟ್ಟ ಹತ್ತಿದ ಹಾಗೆ. ಆ ಪಾರ್ಕ್ ಬಸ್ಸಿನಲ್ಲಿ ಅರ್ಧ ಗಂಟೆ ದೂರ ಇದ್ದಿದ್ದರೆ ನಾನು ಖಂಡಿತ ಹೋಗುತ್ತಿರಲಿಲ್ಲ. ಹತ್ತಿರ ಇತ್ತು, ಅದಕ್ಕೇ ಹೋದೆ.

ಆಮೇಲೆ ಈ ಬಗ್ಗೆ ಓದುತ್ತಾ ಹೋದೆ. ಒಂದು ಅಧ್ಯಯನ ಓದಿ ನನ್ನದೇ ಕತೆ ಅನಿಸಿತು. 2015ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರೆಗರಿ ಬ್ರಾಟ್‌ಮನ್ ಮತ್ತು ಸಂಗಡಿಗರು ಮಾಡಿದ್ದು. ಕೆಲವರನ್ನು ಮರ, ಹುಲ್ಲು ಇರುವ ಕಡೆ 90 ನಿಮಿಷ ನಡೆಸಿದರು. ಇನ್ನು ಕೆಲವರನ್ನು ವಾಹನ ಓಡಾಡುವ ದೊಡ್ಡ ರಸ್ತೆಯ ಪಕ್ಕ ಅಷ್ಟೇ ಹೊತ್ತು. ಹಸಿರಲ್ಲಿ ನಡೆದವರ ಮನಸ್ಸು ಕೆಟ್ಟ ಯೋಚನೆಗಳನ್ನು ಮೆಲುಕು ಹಾಕುವುದು ಕಡಿಮೆ ಆಗಿತ್ತು. ಮಿದುಳಿನಲ್ಲಿ ಅದಕ್ಕೆ ಸಂಬಂಧಪಟ್ಟ ಭಾಗದ ಚಟುವಟಿಕೆಯೂ ತಗ್ಗಿತ್ತು. ರಸ್ತೆಯಲ್ಲಿ ನಡೆದವರಲ್ಲಿ ಹಾಗಾಗಲಿಲ್ಲ. ಮೆಲುಕು ಅನ್ನುವ ಪದ ನಾನು ಬೇಕೆಂದೇ ಹಾಕಿದೆ. ದನ ಮೆಲುಕು ಹಾಕಿದರೆ ಮೇವು ಜೀರ್ಣ ಆಗುತ್ತದೆ. ಮನುಷ್ಯ ದುಃಖವನ್ನು ಮೆಲುಕು ಹಾಕಿದರೆ ಅದು ಇನ್ನೂ ಗಟ್ಟಿಯಾಗುತ್ತದೆ. ಆ ದಿನಗಳಲ್ಲಿ ನನಗೆ ಆಗುತ್ತಿದ್ದದ್ದು ಅದೇ.

ಇಂಗ್ಲೆಂಡಿನಲ್ಲಿ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2019ರಲ್ಲಿ ಬಂತು. ವಾರಕ್ಕೆ ಒಟ್ಟು 120 ನಿಮಿಷ ಹಸಿರಿನಲ್ಲಿ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ, ನೆಮ್ಮದಿ ಇದೆ ಅಂತ ಹೇಳುವುದು ಜಾಸ್ತಿ. ಒಂದೇ ದಿನ ಎರಡು ಗಂಟೆ ಕಳೆದರೂ ಅಷ್ಟೇ, ದಿನಾ ಇಷ್ಟಿಷ್ಟು ಕಳೆದರೂ ಅಷ್ಟೇ. ಆರೋಗ್ಯ ಇದ್ದವರೇ ಜಾಸ್ತಿ ಹೊರಗೆ ಹೋಗುತ್ತಾರೆ ಅಂತಲೂ ವಾದಿಸಬಹುದು, ಆ ಪ್ರಶ್ನೆ ನ್ಯಾಯವಾದದ್ದೇ. ಆದರೂ ದಿನಕ್ಕೆ ಹದಿನೇಳು ನಿಮಿಷ ಅಂದರೆ ಏನು ಮಹಾ? ಮನೆ ಕೆಳಗೇ ಹಸಿರಿದ್ದರೆ ಹಾಲು ತರಲು ಹೋಗುವ ದಾರಿಯಲ್ಲೇ ಆಗಿಹೋಗುತ್ತದೆ.

ಸಿಂಗಪುರಕ್ಕೆ ಈ ಹಸಿರು ತಾನಾಗಿ ಬಂದದ್ದಲ್ಲ. 1963ರ ಜೂನ್ 16ರಂದು ಆಗಿನ ಪ್ರಧಾನಿ ಲೀ ಕುವಾನ್ ಯೂ ಒಂದು ಗಿಡ ನೆಟ್ಟು ಮರ ನೆಡುವ ಕೆಲಸಕ್ಕೆ ಚಾಲನೆ ಕೊಟ್ಟರು. 1967ರಲ್ಲಿ ಇದನ್ನು ಉದ್ಯಾನ ನಗರ ಮಾಡುತ್ತೇವೆ ಅಂತ ಹೇಳಿದರು. ಇಲ್ಲಿನ ರಸ್ತೆಗಳಿಗೆ ನೆರಳು ಕೊಡುವ ಮಳೆಮರಗಳನ್ನು ನೋಡಿದರೆ ನಮಗೆ ಬೆಂಗಳೂರಿನ ಹಳೆಯ ರಸ್ತೆಗಳು ನೆನಪಾಗುತ್ತವೆ, ಅದೇ ಮರ. 2030ರ ಹೊತ್ತಿಗೆ ಪ್ರತಿಯೊಂದು ಮನೆಯಿಂದ ಹತ್ತು ನಿಮಿಷ ನಡೆದರೆ ಪಾರ್ಕ್ ಸಿಗಬೇಕು ಅನ್ನುವುದು ಈಗಿನ ಸರಕಾರದ ಗುರಿ. ಎಷ್ಟು ಎಕರೆ ಅಂತಲ್ಲ, ಎಷ್ಟು ನಿಮಿಷ ಅಂತ ಲೆಕ್ಕ ಇಟ್ಟಿದ್ದಾರಲ್ಲ, ಅದು ನನಗೆ ಬಹಳ ಸರಿ ಅನಿಸುತ್ತದೆ. ಬೆಂಗಳೂರಿನಲ್ಲಿ ನಾನಿದ್ದ ಬಡಾವಣೆಯ ಪಾರ್ಕಿಗೆ ಬೆಳಿಗ್ಗೆ ಹತ್ತರ ಮೇಲೆ ಬೀಗ ಬೀಳುತ್ತಿತ್ತು. ಬಿಸಿಲಲ್ಲಿ ಸೊಪ್ಪು ಮಾರುವ ಅಜ್ಜಿ ಅದರ ಗೇಟಿನ ಹೊರಗೆ, ಒಳಗಿನ ಮರದ ನೆರಳು ಬಿದ್ದಷ್ಟು ಜಾಗದಲ್ಲಿ ಕೂರುತ್ತಿದ್ದರು. ಅದು ಇವತ್ತಿಗೂ ನೆನೆದರೆ ಬೇಜಾರಾಗುತ್ತದೆ.

ನಮ್ಮ ಪಾರ್ಕಿನ ಹೊಳೆಯ ಕತೆ ಇನ್ನೂ ಚೆನ್ನಾಗಿದೆ. ಕಲಾಂಗ್ ಹೊಳೆ ಇಲ್ಲಿ ಮೊದಲು ನೆಟ್ಟಗಿನ ಕಾಂಕ್ರೀಟ್ ಕಾಲುವೆ ಆಗಿತ್ತು, 2.7 ಕಿಲೋಮೀಟರ್ ಉದ್ದಕ್ಕೆ. ಆ ಕಾಂಕ್ರೀಟ್ ಒಡೆದು, ಹೊಳೆಗೆ ತಿರುವು ಕೊಟ್ಟು, ದಂಡೆಗೆ ಗಿಡ ನೆಟ್ಟು ಮತ್ತೆ ಹೊಳೆ ಮಾಡಿದರು. 2012ರಲ್ಲಿ ಜನರಿಗೆ ತೆರೆದರು. ನೀರು ಕಡಿಮೆ ಇದ್ದಾಗ ಮಕ್ಕಳು ಇಳಿದು ಆಡುತ್ತಾರೆ. ಜೋರು ಮಳೆ ಬಂದರೆ ಹೊಳೆ ಪಾರ್ಕಿನ ಹುಲ್ಲಿನ ಮೇಲೂ ಹರಡಿಕೊಳ್ಳುತ್ತದೆ. ಅದಕ್ಕೆ ಅಂತಲೇ ಜಾಗ ಬಿಟ್ಟಿದ್ದಾರೆ. ನೀರುನಾಯಿಗಳು ಬಂದಿವೆ. ತುಂಗಭದ್ರೆಯಲ್ಲಿ, ಕಂಪ್ಲಿ ಕಡೆ, ಇದೇ ಜಾತಿಯ ನೀರುನಾಯಿಗಳಿಗಾಗಿ 2015ರಿಂದ ಮೀಸಲು ಪ್ರದೇಶ ಇದೆ. ಅಲ್ಲಿ ನಾನು ನೋಡಿರಲಿಲ್ಲ. ಇಲ್ಲಿ ವಾಕಿಂಗ್ ಮಾಡುವಾಗ ನೋಡಿದೆ, ಮೀನನ್ನು ಎರಡೂ ಕೈಯಲ್ಲಿ ಹಿಡಿದು ಕರಕರ ಅಗಿಯುವುದನ್ನು.

ಹಾಗಂತ ಇಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಮನೆ ಕಟ್ಟಲು ಕಾಡು ಕಡಿಯುವ ಜಗಳ ಇಲ್ಲೂ ಇದೆ. 2021ರಲ್ಲಿ ಡೋವರ್ ಕಾಡಿನ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಅದಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು ಬೇರೆ. 2020ರಲ್ಲಿ ನನ್ನನ್ನು ಬದುಕಿಸಿದ ಆ ಹುಲ್ಲನ್ನು ಬೇರೆ ದಿನಗಳಲ್ಲಿ ಕತ್ತರಿಸುವವರು ಯಾರು? ಬಹುಪಾಲು ಬಾಂಗ್ಲಾದೇಶದಿಂದ, ಭಾರತದಿಂದ ಬಂದ ಗಂಡಸರು. ಆ ಎರಡು ತಿಂಗಳು ಇಂಥ ಸಾವಿರಾರು ವಲಸೆ ಕೆಲಸಗಾರರು ಡಾರ್ಮಿಟರಿಗಳಲ್ಲಿ, ಒಂದೊಂದು ರೂಮಿನಲ್ಲಿ ಹತ್ತು ಹನ್ನೆರಡು ಮಂದಿ, ಬಾಗಿಲ ಹೊರಗೆ ಕಾಲಿಡದೆ ಇದ್ದರು. ಅವರ ಮನೆಗಳಲ್ಲೂ ಸಾವು ಆಗಿರುತ್ತದೆ. ಅವರಿಗೆ ಕೆಳಗೆ ಇಳಿದು ಕೂತು ಅಳಲು ಒಂದು ಹುಲ್ಲಿನ ಚೂರು ಸಿಗಲಿಲ್ಲ. ಹಸಿರಿನಿಂದ ಮನಸ್ಸಿಗೆ ಒಳ್ಳೆಯದು ಅಂತ ಯಾರಾದರೂ ಹೇಳಿದಾಗ ನನಗೆ ಮೊದಲು ಬರುವ ಯೋಚನೆ ಇದು: ಯಾರ ಮನಸ್ಸಿಗೆ?

ಜೂನ್‌ನಲ್ಲಿ ಹುಲ್ಲು ಕತ್ತರಿಸುವುದು ಮತ್ತೆ ಶುರುವಾಯಿತು. ಮೆಷಿನ್ ಸದ್ದು ಕೇಳಿ ಬಾಲ್ಕನಿಗೆ ಓಡಿದೆ. ಸಂಜೆ ಹೋಗುವಷ್ಟರಲ್ಲಿ ಇಳಿಜಾರು ಬೋಳಾಗಿತ್ತು. ಒಂದೆಲಗ ಎಲ್ಲಿತ್ತು ಅಂತಲೂ ತಿಳಿಯಲಿಲ್ಲ. ಮನೆಗೆ ಬರುವಾಗ ನಮ್ಮ ಪಕ್ಕದ ಬ್ಲಾಕ್‌ನ ಕೆಳಗಿನ ಪುಟ್ಟ ತೋಟದ ಮುಂದೆ ನಿಂತೆ. ಇಲ್ಲಿ ಇಂಥ ಸಾಮುದಾಯಿಕ ತೋಟಗಳು ಸಾವಿರಕ್ಕೂ ಮಿಕ್ಕಿ ಇವೆ, 2005ರಲ್ಲಿ ಶುರುವಾದ ಕಾರ್ಯಕ್ರಮ. ಅಕ್ಕಪಕ್ಕದವರೇ ನೋಡಿಕೊಳ್ಳುತ್ತಾರೆ. ಒಳಗೆ ವಯಸ್ಸಾದ ಒಬ್ಬ ಮಲಯ ಹೆಂಗಸು ಬಗ್ಗಿ ಕಳೆ ಕೀಳುತ್ತಿದ್ದರು. ಅವರ ಕಾಲ ಬುಡದಲ್ಲಿ ಒಂದು ಮಡಿ ತುಂಬ ಒಂದೆಲಗ!

"ಮಕ್ಚಿಕ್, ಇದು ಏನು?" ಅಂತ ಕೇಳಿದೆ. ವಯಸ್ಸಾದ ಹೆಂಗಸರನ್ನು ಮಲಯದಲ್ಲಿ ಹಾಗೆ ಕರೆಯುತ್ತಾರೆ. ಬಿಡಿಸಿದರೆ ಅದರ ಅರ್ಥ ಚಿಕ್ಕಮ್ಮ ಅಂತಲೇ.

"ಪೆಗಾಗ," ಅಂದರು. "ನಿಮ್ಮ ಊರಲ್ಲಿ ಇದೆಯಾ?"

ಇದೆ ಅಂತ ಹೇಳಲು ಹೋದೆ, ಗಂಟಲು ಕಟ್ಟಿತು. ಅವರು ಏನೂ ಕೇಳಲಿಲ್ಲ. ಬೇರಿನ ಸಮೇತ ಒಂದು ಬಳ್ಳಿ ಕಿತ್ತು ಪೇಪರಲ್ಲಿ ಸುತ್ತಿ ಕೊಟ್ಟರು. ಶನಿವಾರ ಬಂದು ನೀರು ಹಾಕು ಅಂದರು.

ಅವತ್ತಿನಿಂದ ಶನಿವಾರ ಬೆಳಿಗ್ಗೆ ನನ್ನ ಪಾಳಿ. ಪಾರ್ಕಿನಲ್ಲಿ ನಡೆಯುವುದಕ್ಕೂ ಮಣ್ಣಲ್ಲಿ ಕೈ ಇಡುವುದಕ್ಕೂ ವ್ಯತ್ಯಾಸ ಇದೆ. ನಡೆದರೆ ಮನಸ್ಸು ಹಗುರ ಆಗುತ್ತದೆ. ಕಳೆ ಕಿತ್ತರೆ ಇನ್ನೊಂದು ವಾರಕ್ಕೆ ಬರಲು ಕಾರಣ ಸಿಗುತ್ತದೆ. ನಾನು ಬರದಿದ್ದರೆ ಯಾಕೆ ಬರಲಿಲ್ಲ ಅಂತ ಕೇಳುವವರು ನಾಲ್ಕು ಜನ ಆದರು. ಮಕ್ಚಿಕ್ ಒಂದೆಲಗವನ್ನು ಹಸಿಯಾಗಿ ಸಂಬಲ್ ಅನ್ನುವ ಮೆಣಸಿನ ಚಟ್ನಿಯ ಜೊತೆ ತಿನ್ನುತ್ತಾರೆ, ಉಲಾಮ್ ಅಂತಾರೆ. ನಾನು ತಂಬುಳಿ ಮಾಡಿ ಒಂದು ಡಬ್ಬಿಯಲ್ಲಿ ಕೊಟ್ಟೆ. ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಟ್ಟೆಗೆ ತಂಪು," ಅಂದರು. ತಂಬುಳಿ ಅಂದರೆ ತಂಪು ಹುಳಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

2022ರಲ್ಲಿ ಗಡಿ ತೆರೆದ ಮೇಲೆ ಅಮ್ಮ ಬಂದರು. ಮೊದಲ ವಾರ ಪೂರ್ತಿ ಬಾಲ್ಕನಿಯ ಸರಳು ಹಿಡಿದು ಕೆಳಗೆ ನೋಡುತ್ತಾ ನಿಂತಿರುತ್ತಿದ್ದರು. "ನೆಲ ಎಷ್ಟು ಕೆಳಗಿದೆ ಮಾರಾಯ್ತಿ," ಅನ್ನುತ್ತಿದ್ದರು. ಶನಿವಾರ ಕರೆದುಕೊಂಡು ಹೋದೆ. ಅಮ್ಮನಿಗೆ ಇಂಗ್ಲಿಷ್ ಬರದು, ಮಕ್ಚಿಕ್‌ಗೆ ಕನ್ನಡ ಬರದು. ಇಬ್ಬರೂ ಎಲೆ ಹಿಸುಕಿ ಒಬ್ಬರ ಮೂಗಿಗೆ ಒಬ್ಬರು ಹಿಡಿದು ಮಾತಾಡಿದರು. ಅರಿಶಿನ, ಕರಿಬೇವು, ವೀಳ್ಯದೆಲೆ ಎಲ್ಲ ಆಯಿತು. ಆಮೇಲೆ ಅಮ್ಮ ನನ್ನನ್ನು ಕಾಯಲಿಲ್ಲ. ದಿನಾ ಬೆಳಿಗ್ಗೆ ತಾವೇ ಲಿಫ್ಟಿನ ಗುಂಡಿ ಒತ್ತಿ ಇಳಿದು ಹೋಗುತ್ತಿದ್ದರು.

ಊರಿಗೆ ಹೊರಡುವ ದಿನ ಸೂಟ್‌ಕೇಸ್ ಬಾಗಿಲಲ್ಲಿದ್ದರೂ ಅಮ್ಮ ಬಾಲ್ಕನಿಯಲ್ಲಿ ಕೂತು, ತೋಟದಿಂದ ತಂದ ಒಂದೆಲಗದ ಬಳ್ಳಿಯನ್ನು ಒಂದು ಹಳೆಯ ಬಕೆಟ್‌ಗೆ ನೆಡುತ್ತಿದ್ದರು. ಟ್ಯಾಕ್ಸಿ ಬಂತು ಅಂತ ಕರೆದೆ. ಕೈ ತೊಳೆದುಕೊಂಡು ಎದ್ದರು.

"ನಾನು ಮರೆತರೆ ಒಣಗುತ್ತೆ ಅಮ್ಮ," ಅಂದೆ.

"ಬೇಸಿಗೆಯೇ ಇಲ್ಲದ ಊರು ಇದು, ಸಾಯೋದಿಲ್ಲ ಬಿಡು," ಅಂದರು.